ಮುಕ್ತಾ ಹೇಳಬೇಕಾದ ಸಾಕ್ಷಿ

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಯೊಂದರಲ್ಲಿ ಟವೆಲ್ಲುಗಳ ಅಂಚು ಹೊಲಿಯುವ ಮುಕ್ತಾಗೆ ವಾರಕ್ಕೊಂದೇ ಸೂಟಿ. ಆ ರವಿವಾರವೂ ಅವಳು ಎಂಟು ಮಂದಿಯ ರೊಟ್ಟಿಗೆ ಹಿಟ್ಟು ನಾದುತ್ತಲೇ ಅತ್ತೆ ಭಾಗಾಬಾಯಿಗೆ ವಿಷಯ ತಿಳಿಸಿದಳು. ತವರೂರು ಚಪಳಗಾಂವದ ಗೆಳತಿಯರು ತಮ್ಮ ಪ್ರಾರ್ಥನಾ ಕೂಟದಲ್ಲಿ ಯೇಸುವಿನ ಬಗ್ಗೆ ಸಾಕ್ಷಿ ಹೇಳಲು ಕರೆದಿದ್ದರು. ಹತ್ತರ ಬಸ್ಸು ಹಿಡಿಯಬೇಕಿತ್ತು.

ಭಾಗಾಬಾಯಿ ಚರ್ಚಿನ ಮೆಟ್ಟಿಲು ಹತ್ತಿದವಳಲ್ಲ. ಆದರೆ ಸಾಕ್ಷಿ ಹೇಳುವುದೆಂದರೇನು ಎಂಬುದು ಅವಳಿಗೆ ಗೊತ್ತಿತ್ತು.

"ಹೊಲದ ಕೇಸಿನ್ಯಾಗ ನಾನೂ ಹೇಳೀನಿ. ಕಂಡದ್ದಷ್ಟ ಹೇಳಬೇಕು. ಹೆಚ್ಚಿಗಿ ಹೇಳಿದ್ರ ವಕೀಲ ಹಿಡೀತಾನ."

ಆ ಮಾತಿಗೆ ಮುಕ್ತಾಳ ಎದೆ ಹಗುರಾಯಿತು. ವಾರದಿಂದ ದೊಡ್ಡ ದೊಡ್ಡ ಮಾತು ಬಾಯಿಪಾಠ ಮಾಡಿ ಸೋತಿದ್ದಳು. ಅವಳು ಕಂಡದ್ದು ಇಷ್ಟೇ: ಸೊಂಟ ಹಿಡಿದು ಆರು ತಿಂಗಳು ಮಲಗಿದ್ದಾಗ, ಒಂದು ಕೊಡ ನೀರು ಎತ್ತಲಾಗದ ಅವಳನ್ನು ದೇವರು ಕೆಲಸಕ್ಕೆ ಬಾರದವಳು ಎನ್ನಲಿಲ್ಲ.

"ಕೆಲಸಕ್ಕ ಬಾರದಾಕಿ ಅಂತ ನೀವು ಅಂದಿದ್ರಿ, ಅತ್ತಿ. ಅದನ್ನೂ ಹೇಳಬೇಕಾಗ್ತದ."

ಭಾಗಾಬಾಯಿ ಸೊಸೆಯ ಕೈಯನ್ನೇ ನೋಡುತ್ತ ಕುಳಿತಳು. ಅದು ನಾದುವುದನ್ನು ನಿಲ್ಲಿಸಿರಲಿಲ್ಲ.

"ಅಂದದ್ದು ಖರೆ. ಅಷ್ಟು ಮಂದ್ಯಾಗ ಮಾತಾಡಾಕ ನಿನಗ ಹೆದರಿಕಿ ಇಲ್ಲೇನ?"

"ಇತ್ತು. ಈಗಿಲ್ಲ. ಕರದಾಂವ ಯೇಸು, ಆತನ ಜೋಡಿ ಬರ್ತಾನ್ರಿ."

"ಹಂಗಾದ್ರ ಕೈ ತೊಳಕೊ, ಬಸ್ ತಪ್ಪತದ," ಎಂದು ಭಾಗಾಬಾಯಿ ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡಳು. "ಬೇಯಿಸಾಕ ನಿನ್ನ ಗಂಡನ್ನ ಎಬ್ಬಸ್ತೀನಿ. ನಾ ಅಂದದ್ದು ಹೇಳು. ಈಗ ನಿನ್ನ ಬದಲಿ ನಾ ರೊಟ್ಟಿ ಬಡಿಯಾಕ ಕುಂತದ್ದೂ ಕಂಡೀಯಲ್ಲ, ಅದನ್ನೂ ಹೇಳು."