ಎಡ ಹೆಗಲಿನ ಬಂದೂಕು

ಶೇವಂತಾ ಎಡಚಿ. ಇದೇನು ದೊಡ್ಡ ಮಾತು ಅನ್ನುವವರು ಒಂದು ಬೆಳಗ್ಗೆ ಯಾವುದಾದರೂ ಅಂಗಡಿಗೆ ಮೊದಲ ಗಿರಾಕಿಯಾಗಿ ಹೋಗಿ ಎಡಗೈಯಲ್ಲಿ ದುಡ್ಡು ಚಾಚಿ ನೋಡಲಿ. ಆಮೇಲೆ ಮಾತಾಡೋಣ.

ಅವಳ ತವರು ಕಮಲಾಪುರ. ಸಣ್ಣವಳಿದ್ದಾಗ ಉಣ್ಣಲು ಕೂತರೆ ಅವ್ವ ಹಳೆಯ ಸೀರೆಯ ಚೂರಿನಿಂದ ಅವಳ ಎಡಗೈಯನ್ನು ಸೊಂಟಕ್ಕೆ ಕಟ್ಟಿಬಿಡುತ್ತಿದ್ದಳು. ಶಾಲೆಯಲ್ಲಿ ಮಾಸ್ತರರು ಎಡಗೈಯ ಗೆಣ್ಣಿನ ಮೇಲೆ ಪಟ್ಟಿಯಿಂದ ಬಾರಿಸಿದರು. ಹುಡುಗಿ ಕಲಿತಳು. ಬರೆಯುವುದು, ಉಣ್ಣುವುದು, ಕೊಡುವುದು, ತೆಗೆದುಕೊಳ್ಳುವುದು ಎಲ್ಲವನ್ನೂ ಬಲಗೈಗೆ ಒಪ್ಪಿಸಿ ಜಾಣೆ, ಶಾಣ್ಯಾಕಿ ಅನ್ನಿಸಿಕೊಂಡಳು. ಈಗ ಸರಕಾರಿ ಬಸ್ಸಿನ ಕಂಡಕ್ಟರ್. ಕಲಬುರಗಿಯಿಂದ ಕಮಲಾಪುರಕ್ಕೆ, ಕಮಲಾಪುರದಿಂದ ಕಲಬುರಗಿಗೆ ದಿನವಿಡೀ ಟಿಕೆಟು ಹರಿಯುತ್ತಾಳೆ, ಬಲಗೈಯಲ್ಲಿ. ಗದ್ದಲದಲ್ಲಿ ಮರೆತು ಎಡಗೈಯಲ್ಲಿ ಚಿಲ್ಲರೆ ಕೊಟ್ಟರೆ, "ಏ ಬಾಯಿ, ಬೋಣಿಗಿ ಹೊತ್ತಿನ್ಯಾಗ ಆ ಕೈಲೆ ಕೊಡಬ್ಯಾಡ್ರಿ" ಎಂದು ಮುಖ ಸಿಂಡರಿಸುವವರು ಈಗಲೂ ಇದ್ದಾರೆ. ಅವಳೂ ನಕ್ಕು ಕೈ ಬದಲಿಸುತ್ತಾಳೆ. ನಗು ತುಟಿಯದು ಮಾತ್ರ.

ಬಂದೂಕಿನ ಹುಚ್ಚು ಹಿಡಿದದ್ದು ಕಮಲಾಪುರದ ಸಂತೆಯಲ್ಲಿ. ಬಸ್ಸು ನಿಲ್ದಾಣದಲ್ಲಿ ನಿಂತಿತ್ತು, ಡ್ರೈವರ್ ಭೀಮಶಾ ಚಹಾ ಕುಡಿದು ಬರುತ್ತ ಬಂದೂಕಿನಿಂದ ಪುಗ್ಗಿ, ಅಂದರೆ ಬಲೂನು, ಒಡೆಯುವ ಅಂಗಡಿಯ ಮುಂದೆ ಅವಳನ್ನು ಕೆಣಕಿದ.

"ಟಿಕೀಟ್ ಹರದಂಗ ಅಲ್ರೀ ಬಾಯಿ ಇದು. ಗುರಿ ಬೇಕು ಗುರಿ."

ಶೇವಂತಾ ಬಂದೂಕು ಎತ್ತಿಕೊಂಡಳು. ಅದು ತಾನಾಗಿಯೇ ಎಡ ಹೆಗಲಿಗೆ ಹೋಗಿ ಕೂತಿತು. ಬಂದೂಕು ಯಾವ ಹೆಗಲಿಗೆ ಎಂದು ಅವ್ವನೂ ಹೇಳಿರಲಿಲ್ಲ, ಮಾಸ್ತರರೂ ಹೇಳಿರಲಿಲ್ಲ. ಅದೊಂದು ವಿಷಯದಲ್ಲಿ ಅವಳನ್ನು ತಿದ್ದಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಒಂದೊಂದೇ ಪುಗ್ಗಿ ಒಡೆಯತೊಡಗಿತು. ಮೇಲಿನ ಸಾಲು ಮುಗಿದು ಕೆಳಗಿನ ಸಾಲಿಗೆ ಇಳಿದಾಗ ಅಂಗಡಿಯವನು ಕೈ ಜೋಡಿಸಿದ. "ಸಾಕು ಮಾಡ್ರಿ ಯವ್ವಾ, ನಮ್ಮ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ."

ಅವಳ ಮನೆ ಕೋಟನೂರಿನಲ್ಲಿ. ಗಂಡ ಮಾಪಣ್ಣ ಮೋಟಾರು ವೈಂಡಿಂಗ್ ಮಾಡುತ್ತಾನೆ. ಮನೆಯ ಹಿಂದಿನ ಓಣಿಯಲ್ಲೇ, ನಿವೃತ್ತ ಡ್ರಿಲ್ ಮಾಸ್ತರ ಆನಂದಕುಮಾರ ಒಂದು ಹಳೆ ಗೋದಾಮು ಬಾಡಿಗೆಗೆ ಹಿಡಿದು ಏರ್ ರೈಫಲ್ ಕಲಿಸುತ್ತಿದ್ದರು. ಹತ್ತು ಮೀಟರಿನಾಚೆ ಕಾಗದದ ಗುರಿ, ಇತ್ತ ನಿಂತು ಹೊಡೆಯುವುದು. ಶೇವಂತಾ ಡ್ಯೂಟಿ ಮುಗಿಸಿ ಅಲ್ಲಿಗೆ ಹೋಗತೊಡಗಿದಳು. ಮೊದಲ ದಿನವೇ ಮಾಸ್ತರರು ಬಂದೂಕನ್ನು ಅವಳ ಎಡ ಹೆಗಲಿನಿಂದ ತೆಗೆದು ಬಲಕ್ಕೆ ಇಟ್ಟರು.

"ನಂದು ಎಡ ರೀ ಸರ್."

"ಎಡ ಇಲ್ಲಿ ನಡಿಯಂಗಿಲ್ಲಮ್ಮ. ಬಂದೂಕೆಲ್ಲ ಬಲಗೈಯವ್ರಿಗೇ ಮಾಡ್ಯಾರ. ರೂಢಿ ಮಾಡ್ಕೋ."

ಮನುಷ್ಯ ಕೆಟ್ಟವರಲ್ಲ. ಫೀಸಿನ ಮಾತು ಎತ್ತಿದವರಲ್ಲ, ಹೆಂಗಸು ಅಂತ ಹಗುರ ಮಾಡಿದವರಲ್ಲ. ರೂಢಿ ಎಂಬುದೊಂದನ್ನು ಮಾತ್ರ ದೇವರೆಂದು ನಂಬಿದವರು. ಅವಳ ಬಲಗಣ್ಣು ಗುರಿ ಹಿಡಿಯಲು ಒಲ್ಲೆನೆಂದಾಗ, ಎಡಗಣ್ಣು ಅಡ್ಡ ಬರುತ್ತಿದೆ ಎಂದು ಅವಳ ಚಷ್ಮಾದ ಎಡ ಗಾಜಿಗೆ ಬಿಳಿ ಪಟ್ಟಿ ಅಂಟಿಸಿದರು. ಇನ್ನು ಬಲಗಣ್ಣು ಕೆಲಸ ಕಲಿಯುತ್ತದೆ, ಕಲಿಯದೆ ಎಲ್ಲಿಗೆ ಹೋಗುತ್ತದೆ ಎಂದರು.

ಅಷ್ಟರಲ್ಲಿ ಜಿಲ್ಲೆಯ ಕ್ಲಬ್ಬುಗಳ ಒಂದು ಪಂದ್ಯ ಅದೇ ಗೋದಾಮಿನಲ್ಲಿ ನಡೆಯುವುದೆಂದು ಗೊತ್ತಾಯಿತು. ಪಂದ್ಯಕ್ಕೆ ಇಳಿಯುವವರ ಹತ್ತಿರ ಸ್ವಂತ ಬಂದೂಕು ಇರಬೇಕು. ಶೇವಂತಾ ಬೋನಸ್ಸಿನ ದುಡ್ಡು ತೆಗೆದಿಟ್ಟಿದ್ದಳು. ಅದು ದೊಡ್ಡ ಬಂದೂಕಿಗೆ ಸಾಲದು. ಮಾಸ್ತರರೇ ದಾರಿ ಹುಡುಕಿಕೊಟ್ಟರು. ಕ್ಲಬ್ಬು ಬಿಟ್ಟ ಹುಡುಗನೊಬ್ಬನ ಪರದೇಶಿ ಕಂಪನಿಯ ಮ್ಯಾಚ್ ರೈಫಲ್ ಮಾರಾಟಕ್ಕಿತ್ತು. ಹೊಸದು ಅವಳ ಕನಸಿಗೂ ನಿಲುಕುತ್ತಿರಲಿಲ್ಲ, ಇದು ಅವಳ ಬೋನಸ್ಸಿಗೆ ಸಿಗುತ್ತಿತ್ತು. "ಆಯ್ತವಾರ ಬಂದು ತಗೊಂಡು ಹೋಗು. ಇಂಥ ಮಾಲು ಮತ್ತ ಸಿಗಂಗಿಲ್ಲ" ಎಂದರು.

ಬಂದೂಕೇನೋ ರಾಜನಂತಿತ್ತು. ಆದರೆ ಹಿಡಿ ಬಲಗೈಯ ಬೆರಳಿಗೆ ಕೊರೆದದ್ದು, ಕೆನ್ನೆ ಒರಗುವ ಹಲಗೆ ಬಲಗೆನ್ನೆಗೆ ಉಬ್ಬಿಸಿದ್ದು. ಎಡಕ್ಕೆ ಹಿಡಿದರೆ ಅದು ಅವಳ ಮುಖವನ್ನು ಆಚೆಗೆ ತಳ್ಳುತ್ತಿತ್ತು.

ಮಾಪಣ್ಣನಿಗೆ ಹೇಳಿದಳು. ಮೊದಲಿಗೆ ಅವನು, "ಮೂಗಿಗಿಂತ ಮೂಗುತಿ ಭಾರ ಆತು" ಎಂದ. ಅರ್ಧ ಬೆಲೆಗೂ ಕಡಿಮೆ ಎಂದು ಕೇಳಿದ ಮೇಲೆ ರಾಗ ಬದಲಿಸಿದ. "ಸಸ್ತಾ ಸಿಗಾಕತ್ತದಂದ್ರ ತಗೋ. ಇಷ್ಟೆಲ್ಲಾ ಬಲಗೈಲೆ ಮಾಡೀದಿ, ಇದೊಂದು ಭಾರ ಆಗ್ತದೇನು?"

ಇಷ್ಟೆಲ್ಲಾ ಬಲಗೈಲೆ ಮಾಡೀದಿ ಎಂಬ ಮಾತು ಹೊಗಳಿಕೆಯೋ ಬೈಗುಳವೋ ಅವಳಿಗೇ ತಿಳಿಯಲಿಲ್ಲ. ಬಲಗೈಗೆ ಒಪ್ಪಿಸದೆ ಉಳಿದಿದ್ದು ಬಂದೂಕೊಂದೇ, ಈಗ ಅದನ್ನೂ ಕೊಟ್ಟುಬಿಡಬೇಕು. ಆದರೂ ಆಯ್ತವಾರ ಹೋಗಿ ತರುವುದೆಂದೇ ನಿಶ್ಚಯ ಮಾಡಿದಳು.

ಪಂದ್ಯ ಹತ್ತಿರ ಬಂದಿದ್ದರಿಂದ ಶನಿವಾರ ಬೆಳಗ್ಗೆಯೂ ಅಭ್ಯಾಸ ಮಾಡಿ ಗೋದಾಮಿನಿಂದ ನೇರ ಡ್ಯೂಟಿಗೆ ಬಂದವಳು ಚಷ್ಮಾದ ಪಟ್ಟಿ ಕೀಳುವುದನ್ನು ಮರೆತಳು. ಕಮಲಾಪುರದ ಬಸ್ಸು ತುಂಬಿತ್ತು. ಕಂಡವರೆಲ್ಲ ಕೇಳುವವರೇ. ಮೋತಿಬಿಂದು ಆಪರೇಶನ್ ಆತೇನ್ರಿ, ಯಾವ ದವಾಖಾನಿ, ಖರ್ಚು ಎಷ್ಟು ಬಂತು? ಕೆಂಪು ಬಾಳೆಹಣ್ಣಿನ ಖಾಲಿ ಬುಟ್ಟಿ ಹಿಡಿದು ಊರಿಗೆ ಮರಳುತ್ತಿದ್ದ ಮುದುಕಿಯೊಬ್ಬಳು ಅವಳ ಸೆರಗು ಜಗ್ಗಿದಳು.

"ಕಣ್ಣು ಕೆಟ್ಟದೇನ ನನ್ನವ್ವಾ?"

"ಇಲ್ಲಬೇ ಆಯಿ, ಕೆಟ್ಟಿಲ್ಲ. ಇದು ಛಲೋ ಕಣ್ಣು."

"ಛಲೋ ಕಣ್ಣು ಯಾಕ ಮುಚ್ಚೀದಿ ಮತ್ತ?"

ಮುದುಕಿ ಕೇಳಿದ್ದು ಸಹಜವಾಗಿ. ಕೇಳಿ ತನ್ನ ಬುಟ್ಟಿ ಸರಿಮಾಡಿಕೊಳ್ಳಲು ತೊಡಗಿದಳು. ಶೇವಂತಾಳ ಕೈಯಲ್ಲಿನ ಟಿಕೆಟ್ ಮಷೀನು ಮಾತ್ರ ನಿಂತಿತು. ಯಾಕೆ ಮುಚ್ಚಿದ್ದೇನೆ? ಮಾಸ್ತರರು ಹೇಳಿದರು ಎನ್ನಬೇಕೆ? ಬಂದೂಕು ಸಸ್ತಾ ಸಿಗುತ್ತದೆ ಎನ್ನಬೇಕೆ? ನಾಲ್ಕು ದಶಕ ಹತ್ತಿರ ಬಂತು, ಹೇಳಿದವರೆಲ್ಲರ ಮಾತು ಕೇಳಿ ಕೈ ಕಟ್ಟಿಸಿಕೊಂಡದ್ದಾಯಿತು, ಈಗ ತಾನೇ ದುಡ್ಡು ಕೊಟ್ಟು ಕಣ್ಣು ಕಟ್ಟಿಸಿಕೊಳ್ಳಲು ಹೊರಟಿದ್ದಾಳೆ! ಅವಳಿಗೆ ಸಿಟ್ಟು ಬಂತು. ಅಳು ಬರುವಂಥ ಸಿಟ್ಟು. ಚಷ್ಮಾ ತೆಗೆದು ಪಟ್ಟಿಯನ್ನು ಉಗುರಿನಿಂದ ಕಿತ್ತು ಕಿಟಕಿಯಾಚೆ ಎಸೆದಳು, ಅದೂ ಎಡಗೈಯಿಂದ. ಆಮೇಲೆ ಸೀಟಿ ಊದಿದಳು.

ಆಯ್ತವಾರ ಗೋದಾಮಿಗೆ ಹೋದಳು. ಮಾಸ್ತರರು ಬಂದೂಕನ್ನು ಒರೆಸಿ ಮೇಜಿನ ಮೇಲೆ ಮಲಗಿಸಿದ್ದರು.

"ಇದು ನನಗ ಬ್ಯಾಡ್ರಿ ಸರ್. ನಾ ಎಡಕ್ಕ ಹೊಡೀತೀನಿ, ಎಡಕ್ಕ ಕೂಡುವ ಬಂದೂಕು ತಗೋತೀನಿ."

ಮಾಸ್ತರರ ಮುಖ ಕೆಂಪಾಯಿತು. "ಎಡಚರ ರೈಫಲ್ ರೊಕ್ಕ ಗೊತ್ತೇನು ನಿನಗ? ನಿನ್ನ ನೌಕರಿ ಮಾರಿದ್ರೂ ಬರಂಗಿಲ್ಲ. ಕುಣಿಯಾಕ ಬರಲಾರದಾಕಿ ನೆಲ ಡೊಂಕಂದಳಂತ."

"ನೆಲ ಡೊಂಕೇ ಅದ ರೀ ಸರ್." ಅವಳು ಒರಗುವ ಹಲಗೆಯ ಉಬ್ಬಿನ ಮೇಲೆ ಬೆರಳಿಟ್ಟಳು. "ಇಲ್ಲಿ ನೋಡ್ರಿ, ಎಷ್ಟು ಡೊಂಕದ."

ಸುತ್ತ ನಿಂತಿದ್ದ ಹುಡುಗರು ನಕ್ಕರು. ಮಾಸ್ತರರು ನಗಲಿಲ್ಲ. ಬೋನಸ್ಸು ಅವಳದು, ಹೆಗಲು ಅವಳದು, ಕೆಟ್ಟರೆ ತಮ್ಮನ್ನು ಕೇಳಬಾರದು ಎಂದರು. ಕೇಳುವುದಿಲ್ಲ ಎಂದಳು.

ಜಗತ್ ಸರ್ಕಲ್ಲಿನ ಹತ್ತಿರದ ಗಲ್ಲಿಯಲ್ಲಿ ಇಮಾಮುದ್ದೀನನ ಅಂಗಡಿ. ಲೈಸೆನ್ಸು ಬೇಡದ ಏರ್ ರೈಫಲ್, ಅದಕ್ಕೆ ಹಾಕುವ ಛರ್ರಾ ಗುಂಡು, ಕ್ರಿಕೆಟ್ ಬ್ಯಾಟು, ಎಲ್ಲವೂ ಒಂದೇ ಸೂರಿನಡಿ. ಆತ ಮೊದಲು ತೆಗೆದದ್ದು ದುರ್ಬೀನು ಕೂಡಿಸಿದ ಕರಿ ಬಂದೂಕು.

"ದೇಖೋ ಬಾಯಿ, ಇದು ತಗೊಂಡ್ರ ಮೊಹಲ್ಲಾದಾಗ ಯಾರಿಗೂ ಇಲ್ಲ. ಏಕದಂ ಫಿಲಮಿ!"

"ನಾ ಫಿಲಂ ತೆಗ್ಯಾಕ ಬಂದಿಲ್ರೀ. ನಮ್ಮ ಪಂದ್ಯದಾಗ ದುರ್ಬೀನು ನಡಿಯಂಗಿಲ್ಲ. ಅದರ ರೊಕ್ಕ ನಾ ಯಾಕ ಕೊಡ್ಲಿ?"

ಎರಡನೆಯದು ಭಾರಿ ಜೋರಿನದು. ಬಾಗಿಲ ಹಲಗೆಯನ್ನೂ ತೂತು ಮಾಡುತ್ತದೆಂದು ಇಮಾಮುದ್ದೀನ್ ಹೇಳಿದ. ಒಂದೊಂದು ಗುಂಡಿಗೂ ಮಡಚಬೇಕಾದ ನಳಿಗೆಯನ್ನು ಶೇವಂತಾ ಮಡಚಿ ನೋಡಿದಳು. ನಾಲ್ಕು ಸಲಕ್ಕೆ ರಟ್ಟೆ ಸೋತಿತು. ಕಾಗದಕ್ಕೆ ತೂತು ಹಾಕಲು ಇಷ್ಟು ಜೋರೇಕೆ? ದಿನವಿಡೀ ಬಸ್ಸಿನಲ್ಲಿ ನಿಂತು ಬಂದ ಮೈಗೆ ಇದು ಸಂಜೆ ಶಿಕ್ಷೆಯೇ ಸರಿ. ಅದನ್ನೂ ಬದಿಗಿಟ್ಟಳು.

ಮೂರನೆಯದನ್ನು ಅವನು ತಾನಾಗಿ ತೋರಿಸಲಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸಾದಾ ಕಟ್ಟಿಗೆಯ ಹಿಡಿಯ ಬಂದೂಕನ್ನು ಅವಳೇ ಬೆರಳು ಮಾಡಿ ಕೇಳಿದಳು.

"ಅದು ಹುಡುಗರು ಕಲಿಯೂದು ಬಾಯಿ. ಅದರಾಗ ಏನೂ ಇಲ್ಲ."

ಏನೂ ಇಲ್ಲದ್ದೇ ಅವಳಿಗೆ ಬೇಕಾಗಿತ್ತು. ಉಬ್ಬಿಲ್ಲ, ಬೆರಳಿನ ಕೊರೆತವಿಲ್ಲ, ಎರಡೂ ಮಗ್ಗುಲು ಒಂದೇ ಸಮ. ಕಣ್ಣು ಮುಚ್ಚಿ ಎಡ ಹೆಗಲಿಗೆ ಏರಿಸಿ ಕಣ್ಣು ತೆರೆದಳು. ಗುರಿ ಹಿಡಿಯುವ ಹಿಂದಿನ ಕಚ್ಚಿನ ನಡುವೆ ಮುಂದಿನ ಮೊನೆ ನೆಟ್ಟಗೆ ನಿಂತಿತ್ತು. ಇಳಿಸಿ ಮತ್ತೆ ಏರಿಸಿದಳು, ಮತ್ತೆ ಅಲ್ಲೇ. ನಳಿಗೆ ಮಡಚಿದರೆ ತೋಳಿಗೆ ತ್ರಾಸಿಲ್ಲ. ಬೆಲೆ ಕೇಳಿದರೆ ಬೋನಸ್ಸಿನಲ್ಲಿ ಛರ್ರಾದ ಡಬ್ಬಿಗಳಿಗೂ ಉಳಿಯುತ್ತಿತ್ತು. ಬಂದೂಕು ಒಂದು ಸಲದ ಖರ್ಚು, ಛರ್ರಾ ದಿನದ ಖರ್ಚು. ಹೊಡೆದಷ್ಟೂ ಕೈ ಕೂಡುತ್ತದೆ ಎಂಬುದು ಅವಳ ಲೆಕ್ಕ. ಆಧಾರ್ ಪ್ರತಿ ಕೊಟ್ಟು, ರಸೀದಿ ಬರೆಸಿಕೊಂಡು, ಬಂದೂಕನ್ನು ಚೀಲದಲ್ಲಿ ಹಾಕಿ ಹೊರಬಿದ್ದಳು.

ಮಾಪಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಪರದೇಶಿ ಮಾಲು ಬಿಟ್ಟು ಇದನ್ನ ತಂದೀ?"

"ಹೌದು. ಇದು ನನ್ನ ಮಾತು ಕೇಳ್ತದ." ಮರುದಿನ ಅವನೇ ಮಾಳಿಗೆಯ ಗೋಡೆಗೆ ಹಳೆ ಹಾಸಿಗೆ ಕಟ್ಟಿ ಅದರ ಮೇಲೆ ಗುರಿಯ ಕಾಗದ ಹಚ್ಚಿಕೊಟ್ಟ.

ಪಂದ್ಯದ ದಿನ ಗೋದಾಮು ತುಂಬಿತ್ತು. ಅವಳದು ಸಾದಾ ಬಂದೂಕುಗಳ ವಿಭಾಗ. ಆನಂದಕುಮಾರ ಮಾಸ್ತರರು ಅವಳಿಗೆ ಎಡತುದಿಯ ಜಾಗ ತೋರಿಸಿದರು. ಬಲಗೈಯವರೆಲ್ಲ ಗುರಿಗೆ ಎಡ ಹೆಗಲು ಕೊಟ್ಟು ಅಡ್ಡ ನಿಲ್ಲುತ್ತಾರೆ, ಆದ್ದರಿಂದ ಎಲ್ಲರ ಮುಖವೂ ಬಲಕ್ಕೆ. ಎಡಚಿ ನಿಂತರೆ ಅವಳ ಮುಖ ಎಡಕ್ಕೆ.

"ಆ ತುದೀಗೆ ನಿಂತ್ರ ನಿನ್ನ ಮುಖ ಗ್ವಾಡೀಗೆ ಬರ್ತದ" ಎಂದರು. "ಯಾರಿಗೂ ಕಿರಿಕಿರಿ ಆಗಂಗಿಲ್ಲ."

ಶೇವಂತಾ ಗೋಡೆಯನ್ನು ನೋಡಿದಳು. ಸುಣ್ಣ ಉದುರಿದ ಗೋಡೆ.

"ನಾ ಬಲತುದೀಗೆ ನಿಂದರ್ತೀನ್ರಿ ಸರ್."

"ಅಲ್ಲಿ ನಿಂತ್ರ ಸಾಲಿನವ್ರೆಲ್ಲಾ ನಿನ್ನ ಮುಖಾ ನೋಡಬೇಕಾಗ್ತದ."

"ನೋಡ್ಲಿ. ನನ್ನ ಮುಖಕ್ಕೇನಾಗ್ಯದ?"

ಗೋಡೆಗೆ ಮುಖ ಮಾಡಿ ನಿಲ್ಲಬೇಕೆಂಬ ನಿಯಮ ಯಾವ ಪುಸ್ತಕದಲ್ಲೂ ಇಲ್ಲ, ಅದು ಮಾಸ್ತರರಿಗೂ ಗೊತ್ತು. ಅವಳು ಕಾಯಲಿಲ್ಲ. ಇಡೀ ಸಾಲಿನ ಹಿಂದೆ ನಡೆದು ಬಲತುದಿಗೆ ಹೋಗಿ ಚೀಲ ಇಳಿಸಿದಳು. ತಿರುಗಿ ನಿಂತಾಗ ಸಾಲಿಗೆ ಸಾಲೇ ಅವಳ ಎದುರಿಗಿತ್ತು. ಒಬ್ಬೊಬ್ಬರ ಮುಖವನ್ನೂ ನೋಡಿದಳು, ಒಂದನ್ನೂ ಬಿಡದೆ.

ಪಕ್ಕದ ಹುಡುಗ ಬಂದೂಕು ಕೆಳಗಿಳಿಸಿದ. "ಆಂಟಿ, ನೀವು ಉಲ್ಟಾ ನಿಂತೀರಿ."

"ಇಲ್ಲಪ್ಪಾ. ನಾ ಈಗ ನೆಟ್ಟಗ ನಿಂತೀನಿ. ನೀ ನಿನ್ನ ಗುರಿ ನೋಡು."

ಮಾಸ್ತರರು ಆಜ್ಞೆ ಕೊಟ್ಟರು. ಶೇವಂತಾ ಬಂದೂಕು ಎಡ ಹೆಗಲಿಗೇರಿಸಿ, ಉಸಿರು ಹಿಡಿದು, ಎಡಗೈಯ ಬೆರಳು ಮಡಚಿದಳು. ಛರ್ರಾ ಗುರಿಯ ಕರಿ ವೃತ್ತದ ಒಳಗೇ ಬಿತ್ತು. ಯಾರು ನೋಡಿದರು, ಯಾರು ಬಿಟ್ಟರು ಎಂದು ಅವಳು ತಲೆ ಎತ್ತಲಿಲ್ಲ. ನಳಿಗೆ ಮಡಚಿ ಮುಂದಿನ ಛರ್ರಾ ತುಂಬಿದಳು.