ಬನಹಟ್ಟಿಯ ಹಿಮ

ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿ ಅಂಟು ಮಾಡುವಾಗ ಏಳುವ ವಾಸನೆಗೆ ಹೆಸರಿಲ್ಲ. ಬೆಚ್ಚಗೆ, ಮಂಕಾಗಿ, ಈಗಷ್ಟೇ ನಿದ್ದೆಯಿಂದೆದ್ದ ಮಗುವಿನ ಕತ್ತಿನ ಹಾಗೆ ಇರುತ್ತದೆ. ಹೋದ ವಾರ ಜಮಖಂಡಿಯಲ್ಲಿ ಕಾಲೇಜು ಮುಗಿಸಿ ಕೋಣೆಗೆ ನಡೆದು ಬರುವಾಗ, ಒಬ್ಬ ಬಕೆಟ್ಟಿನ ತುಂಬ ಆ ಅಂಟು ತಂದು, ಕಸಬರಿಗೆಯಿಂದ ಗೋಡೆಗೆ ಬಳಿದು, ಯಾವುದೋ ಪೋಸ್ಟರ್ ಹಚ್ಚುತ್ತಿದ್ದ. ನಾನು ನಿಂತುಬಿಟ್ಟೆ. ಅವನು ತಿರುತಿರುಗಿ ನೋಡಿ, "ಯಾಕ್ರಿ ಮೇಡಮ್, ಗ್ವಾಡಿ ನಿಮ್ಮದೇನ್ರಿ?" ಎಂದ. ಅಲ್ಲ ಎಂದು ತಲೆಯಾಡಿಸಿದೆ. ಗೋಡೆ ನನ್ನದಲ್ಲ, ಆದರೆ ಈ ವಾಸನೆ ನನ್ನದು ಎಂದು ವಾದಿಸಬಹುದಿತ್ತು. ವಾದ ಮಾಡುವುದನ್ನು ಹುಡುಗರಿಗೆ ಕಲಿಸುವುದೇ ನನ್ನ ಕೆಲಸ. ಚರ್ಚಾಸ್ಪರ್ಧೆಗೆ ತಯಾರು ಮಾಡಲು ಕಾಲೇಜಿನವರು ನನ್ನ ಕಡೆಗೇ ಕಳಿಸುತ್ತಾರೆ. ಆದರೆ ಅವತ್ತು ಡಿಸೆಂಬರಿನ ಸಂಜೆ, ತೆಳು ಚಳಿ, ಆ ವಾಸನೆ. ನಾನು ಆಗಲೇ ಬನಹಟ್ಟಿಯ ನಮ್ಮ ಓಣಿಯಲ್ಲಿದ್ದೆ.

ಆ ಓಣಿಯಲ್ಲಿ ನಮ್ಮ ಮನೆಯ ಎರಡೂ ಬದಿಗೆ ಪವರ್‌ಲೂಮ್ ಶೆಡ್ಡುಗಳು. ಹಗಲೆಲ್ಲ ಖಟಾಖಟ ಸದ್ದು. ಕರೆಂಟು ಹೋದಾಗ ಮಾತ್ರ ಅದು ನಿಲ್ಲುತ್ತಿತ್ತು. ಆಗ ಕೈಯಲ್ಲಿದ್ದುದೇನೋ ಜಾರಿಬಿದ್ದ ಹಾಗೆ ಎಲ್ಲರೂ ಒಂದು ಗಳಿಗೆ ತಲೆಯೆತ್ತಿ ನೋಡುತ್ತಿದ್ದರು. ಸದ್ದಿನ ಜೊತೆ ಹಾರಿ ಬರುತ್ತಿದ್ದುದು ನೂಲಿನ ಜುಂಗು. ಮಗ್ಗದಲ್ಲಿ ನೂಲು ಉಜ್ಜಿ ಉಜ್ಜಿ ಏಳುವ ಆ ಬಿಳಿ ಎಳೆಗಳು ಕಿಟಕಿಯ ಸರಳಿಗೆ, ಲೈಟಿನ ವೈರಿಗೆ, ಒಣಹಾಕಿದ ಸೀರೆಗೆ, ಶೆಡ್ಡಿನಿಂದ ಹೊರಬರುವವರ ಹುಬ್ಬಿಗೆ ಅಂಟಿಕೊಳ್ಳುತ್ತಿದ್ದವು. ಅಪ್ಪ, ಅವ್ವ ಇಬ್ಬರೂ ನೌಕರಿಯವರು. ಒಮ್ಮೆ ಬೀಳಗಿ, ಒಮ್ಮೆ ಮುಧೋಳ ಎಂದು ವರ್ಗವಾಗುತ್ತಿದ್ದುದರಿಂದ ನನ್ನನ್ನು ಅಪ್ಪನ ಅಕ್ಕ ಸುಗುಣತ್ತೆಯ ಹತ್ತಿರ ಬಿಟ್ಟಿದ್ದರು. ಅತ್ತೆ ಪ್ರಾಥಮಿಕ ಶಾಲೆಯ ಶಿಕ್ಷಕಿ, ಮದುವೆಯಾದವಳಲ್ಲ. ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ತಮ್ಮಂದಿರನ್ನು ಬೆಳೆಸಿದವಳು. ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ಓಣಿಯ ತಿರುವಿಗೂ ಕೇಳುವಂತಾಗಿತ್ತು. ಗುಟ್ಟು ಹೇಳಲು ಅವಳಿಗೆ ಬರುತ್ತಲೇ ಇರಲಿಲ್ಲ. ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಎಲ್ಲರ ಹಬ್ಬಕ್ಕೂ ಓಣಿ ತುಂಬುತ್ತಿತ್ತು. ನಮ್ಮ ಹಬ್ಬಕ್ಕೆ ನಾವಿಬ್ಬರೇ.

ಇಬ್ಬರೇ ಆಗುವ ಮೊದಲು ಸ್ಯಾಮು ಕಾಕಾ ಇದ್ದ. ಅಪ್ಪನ ಕೊನೆಯ ತಮ್ಮ, ಅತ್ತೆ ಎತ್ತಿ ಆಡಿಸಿದವನು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಪಕ್ಕದ ಶೆಡ್ಡಿಗೆ ಹೋಗಿ, ಪಾನಾ ಹಿಡಿದು ಮಗ್ಗ ರಿಪೇರಿ ಮಾಡುತ್ತಿದ್ದ. ನಮ್ಮ ನಡುಮನೆಯಲ್ಲಿ ಅಜ್ಜನ ಕುಣಿಮಗ್ಗವಿತ್ತು. ಅಜ್ಜ ಹೋದ ಮೇಲೆ ಅದರ ಮೇಲೆ ಯಾರೂ ನೇಯ್ದಿರಲಿಲ್ಲ. ಅತ್ತೆ ದಿನಾ ಅದನ್ನು ಒರೆಸುತ್ತಿದ್ದಳು, ಅಷ್ಟೇ. ಒಂದು ದಿನ ಅತ್ತೆ ಶಾಲೆಗೆ ಹೋದಾಗ ಕಾಕಾ ಅದನ್ನು ಬಿಚ್ಚಿ ಮಾರಿಬಿಟ್ಟ. ಅತ್ತೆ ಬಂದಾಗ ಮಗ್ಗವಿದ್ದ ಜಾಗದಲ್ಲಿ ಕಾಲಿಳಿಬಿಡುವ ಕುಣಿ ಮಾತ್ರ ಬಾಯಿ ತೆರೆದುಕೊಂಡಿತ್ತು. "ಯಾರೂ ನೇಯದ ಮಗ್ಗ ಯಾತಕ್ಕ ಬೇಕಕ್ಕಾ? ಬರೇ ಧೂಳ ಕುಂಡ್ರಾಕತ್ತಿತ್ತು" ಎಂದ ಕಾಕಾ. ವಾದವಾಗಿ ನೋಡಿದರೆ ತಪ್ಪೇನಿರಲಿಲ್ಲ. ಅತ್ತೆ ವಾದಕ್ಕೆ ಇಳಿಯಲಿಲ್ಲ. "ಮತ್ತ ಈ ಹೊಸ್ತಿಲಾ ತುಳದೀ ಅಂದ್ರ ನೋಡು" ಎಂದಳು, ಇಡೀ ಓಣಿಗೆ ಕೇಳುವ ದನಿಯಲ್ಲಿ. ಕಾಕಾ ಚೀಲ ತುಂಬಿಕೊಂಡು ಇಚಲಕರಂಜಿಗೆ ಹೋಗಿ ಅಲ್ಲಿನ ಪವರ್‌ಲೂಮಿನಲ್ಲಿ ಕೆಲಸಕ್ಕೆ ಸೇರಿದ. ಅಪ್ಪ ನಡುವೆ ಬಂದು ಇಬ್ಬರಿಂದಲೂ ಬೈಸಿಕೊಂಡು ಸುಮ್ಮನಾದ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅತ್ತೆಗೆ ಬರುತ್ತಿರಲಿಲ್ಲ. ಅದಕ್ಕೇ ಅವಳು ಚಿತ್ರ ಬರೆಯುತ್ತಿದ್ದಳು.

ಡಿಸೆಂಬರ್ ಬಂತೆಂದರೆ ನಡುಮನೆಯ ಮೇಜಿನ ಮೇಲೆ ಡ್ರಾಯಿಂಗ್ ಹಾಳೆ, ಬಣ್ಣದ ಡಬ್ಬಿ, ಅಲ್ಯುಮಿನಿಯಂ ಪಾತೆಲಿಯಲ್ಲಿ ಬೆಚ್ಚನೆಯ ಮೈದಾ ಅಂಟು. ನೆಂಟರಿಗೆಲ್ಲ ಕ್ರಿಸ್ಮಸ್ ಕಾರ್ಡು ಕೈಯಿಂದಲೇ ಆಗಬೇಕು. ನಾನು ಆಗಷ್ಟೇ ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲಲು ಶುರುಮಾಡಿದ್ದೆ, ಯಾರು ಏನೇ ಅಂದರೂ "ಆಧಾರ ಏನು?" ಎಂದು ಕೇಳುವ ಚಟ ಹತ್ತಿತ್ತು. ಬೆತ್ಲೆಹೇಮಿನಲ್ಲಿ ಹುಟ್ಟಿದ ಕೂಸಿಗೆ ಕಾಣಿಕೆ ತಂದ ಮೂವರು ಜೋಯಿಸರನ್ನು ಅತ್ತೆ ಒಂಟೆಯ ಮೇಲೆ ಕೂರಿಸಿದರೆ ನಾನು ತಕರಾರು ತೆಗೆಯುತ್ತಿದ್ದೆ.

"ಅತ್ತಿ, ಜೋಯಿಸರು ಮೂರ ಮಂದಿ ಅಂತ ಪುಸ್ತಕದಾಗ ಎಲ್ಲೈತಿ? ಕಾಣಿಕಿ ಮೂರು. ಮಂದಿ ಎಷ್ಟಂತ ಬರದಿಲ್ಲ."

ಅತ್ತೆ ಚಷ್ಮಾ ಹಾಕಿಕೊಂಡು ಬೈಬಲ್ ತೆಗೆದು ಸಾಲಿನ ಕೆಳಗೆ ಬೆರಳಾಡಿಸಿ ನೋಡಿದಳು. "ಖರೆ ಐತಿ ಬೇ. ಹಂಗಾರ ಐದ ಮಂದಿ ಮಾಡೂಣು. ಹಾಳಿ ದೊಡ್ಡದೈತಿ."

"ಒಂಟಿನೂ ಬರದಿಲ್ಲ."

"ಮತ್ತ ಅಷ್ಟ ದೂರದಿಂದ ನಿಮ್ಮಪ್ಪನ ಸ್ಕೂಟರ್ ಮ್ಯಾಲೆ ಬಂದ್ರೇನು?"

ಆ ವರ್ಷ ಐವರು ಜೋಯಿಸರು ಕಬ್ಬಿನ ಗಾಡಿ ಹತ್ತಿ ಬೆತ್ಲೆಹೇಮಿಗೆ ಬಂದರು. ಗೆದ್ದವಳು ನಾನೋ ಅತ್ತೆಯೋ, ಇವತ್ತಿಗೂ ಹೇಳಲಾರೆ. ದೊಡ್ಡ ಜಗಳ ನಡೆದದ್ದು ಹಿಮದ ಬಗ್ಗೆ. ಬೆತ್ಲೆಹೇಮಿನಲ್ಲಿ ಹಿಮ ಬೀಳುವುದಿಲ್ಲ, ಅದು ಬೇರೆ ದೇಶದವರು ತಮ್ಮ ಊರಿನ ಚಳಿಯನ್ನು ಚಿತ್ರಕ್ಕೆ ಸೇರಿಸಿದ್ದು ಎಂದು ನಾನು. "ನೀ ಹೋಗಿ ನೋಡಿ ಬಂದೀಯೇನ ವಕೀಲಬಾಯಿ?" ಎಂದು ಅವಳು. "ಬನಹಟ್ಟ್ಯಾಗಂತೂ ಬೀಳೂದಿಲ್ಲಲ್ಲ?" ಎಂದಾಗ ಅತ್ತೆ ಎದ್ದು ಹೋಗಿ ಕಿಟಕಿಯ ಸರಳಿನ ಮೇಲೆ ಬೆರಳೆಳೆದು, ಬಂದ ಬಿಳಿ ಜುಂಗನ್ನು ನನ್ನ ಮೂಗಿನ ತುದಿಗೆ ಅಂಟಿಸಿದಳು. "ಹಂಗಾರ ಇದೇನು?"

"ಇದು ಜುಂಗು."

"ಸರಳಿನ ಮ್ಯಾಲೆ ಇದ್ರ ಜುಂಗು. ಕಾರ್ಡಿಗೆ ಹಚ್ಚಿದ್ರ ಬರ್ಫ."

ದೊಡ್ಡವಳಾದ ಮೇಲೆ ಹುಡುಕಿ ನೋಡಿದೆ. ಬೆತ್ಲೆಹೇಮ್ ಗುಡ್ಡದ ಮೇಲಿನ ಊರು. ಕೆಲವು ವರ್ಷ ಚಳಿಗಾಲದಲ್ಲಿ ಅಲ್ಲಿ ನಿಜಕ್ಕೂ ಹಿಮ ಬೀಳುತ್ತದಂತೆ. ಆಧಾರ ಕೇಳುತ್ತಿದ್ದ ನನ್ನ ಬಳಿಯೇ ಆಧಾರವಿರಲಿಲ್ಲ. ಆದರೆ ಆಗ ನಾನು ಸೋಲೊಪ್ಪದೆ ಮುಖ ಉಬ್ಬಿಸಿಕೊಂಡು ಅಂಟು ಹಚ್ಚಿಕೊಡುತ್ತಿದ್ದೆ, ಅತ್ತೆ ಕೂಸು ಹುಟ್ಟಿದ ಕೊಟ್ಟಿಗೆಯ ಮಾಡಿನ ಮೇಲೆ ಜುಂಗನ್ನು ಎಳೆ ಎಳೆಯಾಗಿ ಕೂರಿಸುತ್ತಿದ್ದಳು. ಅಂಟು ಒಣಗುವ ತನಕ ಒಂದೇ ಕಷ್ಟ, ಗಾಳಿ. ಹೊರಗಿನಿಂದ ಸುಳಿಗಾಳಿ ಬಂದರೆ ಮೇಜಿನ ಮೇಲಿನದೆಲ್ಲ ಎದ್ದು ಸೂರಿಗೆ ಹೋಗುತ್ತಿತ್ತು. "ಬಾಗಲಾ ಹಾಕ ಬೇ! ಬರ್ಫ ಹಾರಿ ಹೊಂಟೈತಿ!" ಎಂದು ಅತ್ತೆ ಎರಡೂ ಅಂಗೈಯಿಂದ ಕಾರ್ಡು ಮುಚ್ಚಿ ಹಿಡಿದು ಕೂಗುತ್ತಿದ್ದಳು. ನಾನು ಓಡಿಹೋಗಿ ಬಾಗಿಲು ಹಾಕುತ್ತಿದ್ದೆ. ಸ್ವಲ್ಪ ಹೊತ್ತಿಗೆ ಸೆಕೆಯೆಂದು ತೆರೆಯುವುದು, ಮತ್ತೆ ಗಾಳಿ, ಮತ್ತೆ ಕೂಗು. ಒಂದೊಂದು ಸಂಜೆಯೂ ಹೀಗೆಯೇ.

ಎಲ್ಲ ಕಾರ್ಡು ಮುಗಿದ ಮೇಲೆ ಕೊನೆಯದು ಇಚಲಕರಂಜಿಗೆ. ಅದರಲ್ಲಿ ಕೊಟ್ಟಿಗೆ ಇರುತ್ತಿರಲಿಲ್ಲ. ಮಗು, ತಾಯಿ, ಮೇವಿನ ಗೋದಲಿ ಎಲ್ಲ ನಮ್ಮ ನಡುಮನೆಯಲ್ಲೇ ಇರುತ್ತಿದ್ದವು, ನಮ್ಮ ಬಾಗಿಲಿನ ಮೂಲಕ ಕಾಣುತ್ತಿದ್ದವು. ನೀಲಿ ಬಣ್ಣದ ಎರಡು ಕದ, ಹಿತ್ತಾಳೆಯ ಬಳೆ, ಬಲಗದದ ಕೆಳಗೆ ಕಾಕಾ ಚಿಕ್ಕವನಿದ್ದಾಗ ಒದ್ದು ಸೀಳಿದ ಗುರುತು. ಎರಡೂ ಕದ ಹಾರು ಹೊಡೆದಿರುತ್ತಿದ್ದವು, ಬೆಳಕು ಬಾಗಿಲ ಮುಂದಿನ ಪಾವಟಿಗೆಯ ಮೆಟ್ಟಿಲ ತನಕ ಚೆಲ್ಲಿರುತ್ತಿತ್ತು. ನಾನು ಬಿಡುತ್ತೇನೆಯೇ? "ಹೊರಗ ಬರ್ಫ ಬೀಳಾಕತ್ತೈತಿ, ಒಳಗ ಹಸಗೂಸೈತಿ, ಬಾಗಲಾ ಯಾರರ ತೆರದ ಇಡ್ತಾರೇನು? ಅದೂ ಅಲ್ಲದ, ನನಗ ಹಾಕ ಹಾಕ ಅಂತ ಒದರತಿ, ಕಾರ್ಡಿನ್ಯಾಗ ತೆರದದ್ದು ಬರೀತಿ. ಇದು ಸುಳ್ಳಲ್ಲೇನ ಅತ್ತಿ?" ಪ್ರತಿಯೊಂದಕ್ಕೂ ತಿರುಗಿ ಬೀಳುತ್ತಿದ್ದ ಅತ್ತೆ ಇದಕ್ಕೆ ಮಾತ್ರ ಬೀಳಲಿಲ್ಲ. ಪೆನ್ಸಿಲ್ಲಿನ ಮೊನೆ ನೋಡುತ್ತ, "ಬರೋರು ಇನ್ನೂ ಬಂದಿಲ್ಲ. ಹೆಂಗ ಮುಚ್ಚತಿ?" ಎಂದಳು. ಇದು ಉತ್ತರವಲ್ಲ ಎಂದು ನಾನು ಆಗ ಮನಸ್ಸಿನಲ್ಲೇ ಒಂದು ಅಂಕ ಬರೆದುಕೊಂಡೆ. ಕಾರ್ಡು ಹೋಗುತ್ತಿತ್ತು. ಹಬ್ಬದ ದಿನ ಶಂಕರಪೋಳಿ ಕರಿಯುತ್ತ ಅತ್ತೆ ನೆಪ ಮಾಡಿಕೊಂಡು ಓಣಿಗೆ ಬರುತ್ತಿದ್ದಳು. ಒಮ್ಮೆ ಅರಿವೆ ಝಾಡಿಸಲು, ಒಮ್ಮೆ ಕೈ ತೊಳೆಯಲು. ಕಾಕಾ ಬರಲಿಲ್ಲ. ಒಂದು ವರ್ಷವೂ ಬರಲಿಲ್ಲ ಎಂದೇ ನಾವು ತಿಳಿದಿದ್ದೆವು.

ನಾನು ಓದಲು ಧಾರವಾಡಕ್ಕೆ ಹೋದೆ. ಅತ್ತೆ ನಿವೃತ್ತಳಾದಳು. ಎದೆಯಲ್ಲಿ ಸೇರಿದ್ದ ಕೆಮ್ಮು ವರ್ಷ ವರ್ಷಕ್ಕೆ ಅವಳ ದನಿಯನ್ನು ತಿನ್ನುತ್ತ ಬಂತು. ಫೋನಿನಲ್ಲಿ ಕೂಗಿ ಜಗಳವಾಡುತ್ತಿದ್ದವಳು ಕಡೆಕಡೆಗೆ "ಹೂಂ, ನಂದ ತಪ್ಪು, ನೀನ ಗೆದ್ದಿ" ಎಂದುಬಿಡುತ್ತಿದ್ದಳು. ಆ ಗೆಲುವು ನನಗೆ ಬೇಡವಾಗಿತ್ತು. ಒಂದು ಮಳೆಗಾಲ ಅವಳು ಹೋದಳು. ಅಪ್ಪ ಫೋನ್ ಮಾಡಿದ್ದಕ್ಕೆ ಕಾಕಾ ಮಣ್ಣಿಗೆ ಬಂದ. ತಲೆ ಅರ್ಧ ಬೆಳ್ಳಗಾಗಿತ್ತು. ಮಣ್ಣು ಮುಗಿಸಿ ಬಂದ ಮೇಲೂ ಒಳಗೆ ಬಾರದೆ ಪಾವಟಿಗೆಯ ಮೇಲೆ ಕುಳಿತ. ಚಹಾ ಕೊಟ್ಟು ನಾನೂ ಪಕ್ಕದಲ್ಲಿ ಕುಳಿತೆ.

"ನಾ ಒಮ್ಮೆ ಬಂದಿದ್ನಿ ಬೇ" ಎಂದ, ಓಣಿಯ ಕಡೆ ನೋಡುತ್ತ. "ಕ್ರಿಸ್ಮಸ್ ಮುಂದ, ಸಂಜೀಕ. ತಿರುವಿನ್ಯಾಗ ನಿಂತು ನೋಡಿದ್ನಿ, ಬಾಗಲಾ ತೆರದಿತ್ತು. ಥೇಟ್ ಕಾರ್ಡಿನ್ಯಾಗಿನಂಗ. ಬೆಳಕ ಇಲ್ಲಿ ತನಕ ಬಿದ್ದಿತ್ತು. ಎದಿ ಗಟ್ಟಿ ಮಾಡ್ಕೊಂಡು ಆ ಕಂಬದ ಮಟ ಬಂದ್ನಿ. ಆವಾಗ ಅಕ್ಕನ ದನಿ ಕೇಳ್ತು, ಬಾಗಲಾ ಹಾಕ ಅಂತ. ನೀನ ಬಂದ ಹಾಕಿದಿ." ಚಹಾದ ಕಪ್ಪನ್ನು ಕೆಳಗಿಟ್ಟ. "ನೋಡ್ಯಾಳ ನನ್ನ, ಅದಕ್ಕ ಹಾಕಿಸಿದ್ಳು ಅನಕೊಂಡ್ನಿ. ತೆರದ ಬಾಗಲಾ ಊರ ಮಂದಿಗೆಲ್ಲಾ ಬರದ ಕಳಸ್ತಾಳ, ಮುಚ್ಚಿದ್ದು ನನಗೊಬ್ಬಂಗ ಅನಕೊಂಡ್ನಿ. ಹಂಗ ತಿರುಗಿ ಬಸ್ ಹತ್ತಿದ್ನಿ."

ನನ್ನ ತಲೆ ಅದರ ಚಾಳಿಯಂತೆ ಪಾಟೀಸವಾಲಿಗೆ ಹೊರಟಿತು. ಯಾವ ವರ್ಷ? ಕಾಕಾನಿಗೆ ನೆನಪಿಲ್ಲ. ಆ ಕೂಗು ಮಗ್ಗದ ಸದ್ದಿನಲ್ಲಿ ಅಷ್ಟು ಸ್ಪಷ್ಟ ಕೇಳಿತೇ, ಅಥವಾ ಇಷ್ಟು ವರ್ಷ ಮನಸ್ಸಿನಲ್ಲಿ ಹೊರಳಾಡಿಸಿ ಅವನೇ ಸೇರಿಸಿಕೊಂಡನೇ? ಬಾಯಿಬಿಟ್ಟು ಒಮ್ಮೆ ಅಕ್ಕಾ ಎನ್ನಲು ಏನಾಗಿತ್ತು? ಉಳಿದದ್ದನ್ನೆಲ್ಲ ಬಿಟ್ಟು, "ಬರ್ಫ ಹಾರ್ತಿತ್ತು ಕಾಕಾ" ಎಂದೆ. "ಅದಕ್ಕ ಹಾಕಂದಿದ್ಳು. ನಿನ್ನ ನೋಡಿರಲಿಲ್ಲ."

ಕಾಕಾ ನನ್ನ ಮುಖ ನೋಡಿದ. "ಎಂಥಾ ಬರ್ಫ ಬೇ? ಬನಹಟ್ಟ್ಯಾಗ?"

ಅದು ನನ್ನದೇ ಪ್ರಶ್ನೆ. ನನ್ನದೇ ಧಾಟಿ. ಉತ್ತರ ಕೊಡಬೇಕಾದವಳು ಮಾತ್ರ ಇರಲಿಲ್ಲ. ನಾನು ಎದ್ದು ಕಿಟಕಿಯ ಸರಳಿನ ಮೇಲೆ ಬೆರಳೆಳೆದೆ. ಮಳೆಗೆ ನೆನೆದು ಬೂದಿಬಣ್ಣವಾಗಿದ್ದ ಜುಂಗು ಸ್ವಲ್ಪ ಬಂತು. ತಂದು ಅವನ ಅಂಗೈ ಮೇಲಿಟ್ಟೆ. ಇಡೀ ಆಯುಷ್ಯ ಹುಬ್ಬಿನಿಂದ, ಕಿವಿಯಿಂದ, ಅನ್ನದ ತಾಟಿನಿಂದ ಅದನ್ನು ಒರೆಸಿ ಒರೆಸಿ ಎಸೆದವನು ಅವನು. ಈಗ ಬೆರಳಿನಿಂದ ಎಳೆ ಬಿಡಿಸಿ ನೋಡಿದ. "ಕಾರ್ಡಿನ ಮ್ಯಾಲಿಂದು ಅಂಗಡ್ಯಾಗಿನ ಹತ್ತಿ ಅಂತ ತಿಳದಿದ್ನಿ ನಾ" ಎಂದ. ಆಮೇಲೆ ಮುಷ್ಟಿ ಮುಚ್ಚಿಕೊಂಡು ಎದ್ದು, ಅರ್ಧ ಮುಚ್ಚಿಕೊಂಡಿದ್ದ ನೀಲಿ ಕದಗಳೆರಡನ್ನೂ ಮತ್ತೊಂದು ಕೈಯಿಂದ ಗೋಡೆಗೆ ತಾಗುವ ತನಕ ದೂಡಿದ. ಒಳಗಿನ ಬೆಳಕು ಪಾವಟಿಗೆಯ ಮೇಲೆ ಬಿತ್ತು. ಅವನು ಹೊಸ್ತಿಲು ದಾಟಲಿಲ್ಲ. ಆ ಬೆಳಕಿನಲ್ಲೇ ಮತ್ತೆ ಕುಳಿತ.

ಈಗ ಆ ಮನೆ ನೂಲಿನ ಗೋದಾಮು. ಬಾಗಿಲು ತೆಗೆದು ಶಟರ್ ಹಾಕಿದ್ದಾರೆ. ನೀಲಿ ಕದ ಯಾರ ಒಲೆಗೆ ಹೋದವೋ ಗೊತ್ತಿಲ್ಲ. ನಿಮಗೂ ಅಂಥ ಒಂದು ಬಾಗಿಲಿದ್ದರೆ, ಅದರ ಎದುರು ನಿಂತಾಗ ಮೊದಲು ಕಾಡುವುದು ದುಃಖವಲ್ಲ, ಅರ್ಧಕ್ಕೆ ನಿಂತ ಮಾತು ಎಂದು ನಿಮಗೆ ಗೊತ್ತಿರುತ್ತದೆ. ನಾನು ಹೇಳಬೇಕಾದದ್ದು ಇಷ್ಟೇ ಇತ್ತು: ನೋಡು ಅತ್ತಿ, ನಾ ಹೇಳಿರಲಿಲ್ಲೇನು, ಇದ್ದದ್ದನ್ನ ಇದ್ದಂಗ ಬರೀಬೇಕು ಅಂತ? ಇಷ್ಟು ಗಟ್ಟಿ ಆಧಾರ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿಲ್ಲ. ಆದರೆ ಅವಳು ಬಿಡುವವಳಲ್ಲ. ಮುಚ್ಚಿದ ಬಾಗಲಾ ಬರದಿದ್ರ ಅಂವಾ ಕಂಬದ ಮಟರ ಬರ್ತಿದ್ನೇನ ವಕೀಲಬಾಯಿ, ಎನ್ನುತ್ತಿದ್ದಳು. ಅದಕ್ಕೆ ನನ್ನ ಬಳಿ ಮರುಮಾತಿದೆ. ಆ ಮಾತಿಗೆ ಅವಳ ಬಳಿಯೂ ಒಂದಿರುತ್ತಿತ್ತು. ಎರಡೂ ಕಡೆಯ ಮಾತನ್ನು ಈಗ ನಾನೊಬ್ಬಳೇ ಆಡಬೇಕು. ಕಾಲೇಜಿನ ಹುಡುಗರು ನನ್ನ ಎದುರು ವಾದಿಸಲು ಹೆದರುತ್ತಾರೆ. ಕೋಣೆಗೆ ಬಂದರೆ ಗೋಡೆಗಳು ಎಲ್ಲಕ್ಕೂ ಒಪ್ಪುತ್ತವೆ.

ಈ ಸಂಜೆ ಮೈದಾ ಅಂಟು ಕುದಿಸಿದೆ. ಹೋದ ಭಾನುವಾರ ಬನಹಟ್ಟಿಗೆ ಹೋಗಿ ಆ ಗೋದಾಮಿನ ಪಕ್ಕದ ಶೆಡ್ಡಿನ ಕಿಟಕಿಯಿಂದ ಜುಂಗು ಬಿಡಿಸಿ ಹಾಳೆಯಲ್ಲಿ ಕಟ್ಟಿ ತಂದಿದ್ದೆ. ಅಲ್ಲಿನವರು ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು. ಇಚಲಕರಂಜಿಗೆ ಕಳಿಸುವ ಕಾರ್ಡಿನ ಮೇಲೆ ಬಾಗಿಲು ಬರೆದೆ. ಶಟರ್ ಬರೆಯಬೇಕೆಂದು ಪೆನ್ಸಿಲ್ ಎತ್ತಿದ್ದೆ, ಕೈ ನೀಲಿ ಬಣ್ಣಕ್ಕೆ ಹೋಯಿತು. ಹಿತ್ತಾಳೆಯ ಬಳೆ, ಬಲಗದದ ಸೀಳು, ಚೆಲ್ಲಿದ ಬೆಳಕು. ಚಿತ್ರ ನನಗೆ ಬರುವುದಿಲ್ಲ. ಒಳಗಿನ ಮಗು ಮುದ್ದೆಯಾಗಿ ಕೂತಿದೆ. ಮಾಡಿನ ಮೇಲೆ ಹಿಮ ಕೂರಿಸುತ್ತಿರುವಾಗ ಕೋಣೆಯ ತೆರೆದ ಬಾಗಿಲಿನಿಂದ ಗಾಳಿ ಬಂತು, ಎಳೆಗಳು ತಲೆಯೆತ್ತಿದವು. ಎದ್ದು ಬಾಗಿಲು ಹಾಕಬೇಕಿತ್ತು. ಹಾಕೆಂದು ಕೂಗುವವರೂ ಇರಲಿಲ್ಲ, ಹೊರಗಿನಿಂದ ಬರುವವರೂ ಇರಲಿಲ್ಲ. ನಾನು ಏಳಲಿಲ್ಲ. ಬಾಗಿಲು ಹಾಗೇ ಇರಲಿ ಎಂದು, ಎರಡೂ ಅಂಗೈಯಿಂದ ಹಿಮವನ್ನು ಮುಚ್ಚಿ ಹಿಡಿದು, ಅಂಟು ಒಣಗುವ ತನಕ ಕುಳಿತೆ.