ಕಣ್ಣು ಒಪ್ಪಿಸುವುದು

ಯಲಬುರ್ಗಾದ ಫೋಟೋ ಸ್ಟುಡಿಯೋದವರು ಫೋನ್ ಮಾಡಿದಾಗ ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ ಹಳೆ ಕಂಪ್ಯೂಟರುಗಳ ಚೌಕಾಸಿಯಲ್ಲಿದ್ದೆ. ಹಳೆ ಮಷಿನ್ ಕೊಳ್ಳುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಮೊದಲು ಫ್ಯಾನಿನ ಸದ್ದು ಕೇಳಿ, ಆಮೇಲೆ ರೇಟು ಕೇಳಿ. ಕೊಪ್ಪಳ ಜಿಲ್ಲೆಯಾದ ಹೊಸತರಲ್ಲಿ ಟೈಪಿಂಗ್ ಕ್ಲಾಸಿನ ಮೂಲೆಯಲ್ಲಿದ್ದ ಕಂಪ್ಯೂಟರನ್ನು ಬಿಚ್ಚಿ, ಜೋಡಿಸಿ ಕಲಿತವನು ನಾನು. ಗಂಗಾವತಿಯಲ್ಲಿ ಕೊಂಡದ್ದನ್ನು ಕುಷ್ಟಗಿ, ಯಲಬುರ್ಗಾದ ಅಂಗಡಿಗಳಿಗೆ ಮಾರುತ್ತಿದ್ದೆ. ಕೆಟ್ಟರೆ ನಾನೇ ಹೋಗಿ ರಿಪೇರಿ ಮಾಡುತ್ತಿದ್ದೆ. ಸ್ಟುಡಿಯೋದ ಮಷಿನ್ನೂ ನಾನು ಕೊಟ್ಟದ್ದೇ.

"ಒಂದ ಫೋಟೋಕ್ಕ ಬಂದ್ ಬೀಳಾಕತ್ತೈತ್ರಿ," ಎಂದರು ಸ್ಟುಡಿಯೋದವರು. "ಉಳಿದದ್ದಕ್ಕೆಲ್ಲ ಛಲೋ ನಡೀತೈತಿ. ಈ ಒಬ್ಬಾಕಿ ಕಣ್ಣ ತೆರಿಸಾಕ ಹೋದ್ರ ಅಲ್ಲೇ ನಿಂತಬಿಡ್ತೈತಿ."

"ಯಾರ್ರಿ ಆಕಿ?"

"ತೀರಿಕೊಂಡಾಕಿ."

ಇದನ್ನು ಬಿಡಿಸಿ ಹೇಳಬೇಕು. ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹೂವು ಹಾಕಿ ಫೋಟೋ ತೆಗೆಸುವುದು ನಮ್ಮ ಕಡೆ ಅನೇಕ ಮನೆಗಳಲ್ಲಿ ಉಂಟು. ಬದುಕಿದ್ದಾಗಿನ ಫೋಟೋ ಇಲ್ಲದಿದ್ದರೆ ಅದೇ ಗತಿ. ಆದರೆ ಕಣ್ಣು ಮುಚ್ಚಿದ ಫೋಟೋವನ್ನು ಗೋಡೆಗೆ ಹಾಕುವುದಿಲ್ಲ, ಅದಕ್ಕೆ ಪೂಜೆ ಮಾಡುವುದಿಲ್ಲ. ಅದಕ್ಕೇ ಸ್ಟುಡಿಯೋದವರು ಮಗನದೋ ಮಗಳದೋ ಕಣ್ಣುಗಳನ್ನು ಕತ್ತರಿಸಿ ಆ ಮುಖಕ್ಕೆ ಕೂಡಿಸುತ್ತಾರೆ. ಮನೆಯವರು ನೋಡಿ, ಹೌದು, ಇವರೇ ಎಂದ ಮೇಲೆಯೇ ಪ್ರಿಂಟು. ಇದಕ್ಕೆ ಕಣ್ಣು ಒಪ್ಪಿಸುವುದು ಎನ್ನುತ್ತಿದ್ದರು ನಮ್ಮ ಸ್ಟುಡಿಯೋದವರು.

ಈ ಮುದುಕಿ ಮಂಗಳೂರಿನವಳು. ಕಡಲ ದಂಡೆಯದಲ್ಲ, ಯಲಬುರ್ಗಾದ ಹತ್ತಿರದ ಮಂಗಳೂರು. ಫೋಟೋ ಹೊಡೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿ, ಮಗಳ ಮದುವೆಯಲ್ಲೂ ಸೆರಗು ಮರೆ ಮಾಡಿಕೊಂಡು ನಿಂತವಳಂತೆ. ಬೇವೂರಿಗೆ ಕೊಟ್ಟಿದ್ದ ಒಬ್ಬಳೇ ಮಗಳು ತನ್ನ ಕಣ್ಣಿನ ಫೋಟೋ ಕಳಿಸಿ ಕಾಯುತ್ತಿದ್ದಳು. ಮರುದಿನವೇ ದಿನದ ಕಾರ್ಯ, ಅಂದರೆ ಸತ್ತವಳ ತಿಥಿ. ಅಷ್ಟರೊಳಗೆ ಫೋಟೋ ಆಗದಿದ್ದರೆ ಅವ್ವನ ಜಾಗದಲ್ಲಿ ಖಾಲಿ ಮಣೆಗೆ ಹೂವು ಏರಿಸಬೇಕು.

ನಾನು ಹೋದಾಗ ಮಟಮಟ ಮಧ್ಯಾಹ್ನ. ಸ್ಟುಡಿಯೋದ ಒಳಕೋಣೆಗೆ ಕಿಟಕಿಯಿಲ್ಲ, ಪರದೆಯ ಬೆಳಕೊಂದೇ. ಪರದೆ ತುಂಬ ಆ ಮುಖ. ಹಣೆಯ ಮೇಲೆ ವಿಭೂತಿ, ಮೂಗಿನಲ್ಲಿ ಹತ್ತಿ. ಎಡಗಣ್ಣು ತೆರೆದಿದೆ, ಬಲಗಣ್ಣು ಮುಚ್ಚಿದೆ. ಮೌಸಿನ ಬಾಣ ಮುಚ್ಚಿದ ರೆಪ್ಪೆಯ ಮೇಲೆ ಸೂಜಿ ಚುಚ್ಚಿದಂತೆ ನಿಂತಿದೆ. ಅಲುಗಾಡಿಸಿದರೆ ಅಲುಗುತ್ತಿಲ್ಲ. ಮಷಿನ್ನಿನ ನೆತ್ತಿಗೆ ವಿಭೂತಿ ಬಳಿದು ಮೇಲೊಂದು ಕೊಯ್ದ ನಿಂಬೆಹಣ್ಣು ಇಟ್ಟಿದ್ದರು.

"ಇದರ ರಸ ಒಳಗ ಇಳದ್ರ ನಾಳಿ ಈ ಮಷಿನ್ನಿನ ದಿನಾನೂ ಮಾಡಬೇಕಾಗತೈತಿ," ಎಂದು ನಿಂಬೆಹಣ್ಣು ತೆಗೆದಿಟ್ಟೆ.

"ನಗಬ್ಯಾಡ್ರಿ. ಬದುಕಿದ್ದಾಗ ಒಲ್ಲೆ ಅಂದಾಕಿ ಸತ್ತಮ್ಯಾಲೆ ಹೂಂ ಅಂತಾಳೇನ್ರಿ?"

ಬಿಚ್ಚಿ ಧೂಳು ಊದಿದೆ, ಮೆಮೊರಿ ಬದಲಿಸಿ ನೋಡಿದೆ. ಮತ್ತೆ ಅದೇ ಜಾಗದಲ್ಲಿ ನಿಂತಿತು. ಆಮೇಲೆ ಆ ಫೋಟೋ ಮುಚ್ಚಿ, ಮದುಮಗಳೊಬ್ಬಳ ಫೋಟೋ ತೆರೆದು ಆಕೆಯ ಮೂಗುಬೊಟ್ಟಿನವರೆಗೆ ಹಿಗ್ಗಿಸಿದೆ. ಅದೂ ನಿಂತಿತು. ನನಗೆ ಸಮಾಧಾನವಾಯಿತು. ಅಷ್ಟು ಹತ್ತಿರಕ್ಕೆ ಹಿಗ್ಗಿಸುವಾಗ ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಬೀಳುತ್ತದೆ. ಉಳಿದ ಫೋಟೋಗಳಲ್ಲಿ ಇವರು ಅಷ್ಟು ಹತ್ತಿರ ಹೋಗುತ್ತಲೇ ಇರಲಿಲ್ಲ. ನೋಡಿದರೆ ಕಾರ್ಡಿನ ಡ್ರೈವರ್, ಅಂದರೆ ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಮಾತಾಡಿಸುವ ತಂತ್ರಾಂಶ, ತಾನಾಗಿಯೇ ಹೊಸದಾಗಿ ಅಪ್‌ಡೇಟ್ ಆಗಿತ್ತು. ಹಳೆ ಕಾರ್ಡಿಗೆ ಅದು ಒಗ್ಗಿರಲಿಲ್ಲ.

ಹೊಸದನ್ನು ತೆಗೆದು ಹಳೆ ಡ್ರೈವರ್ ಕೂಡಿಸಿದೆ. ಸ್ಟುಡಿಯೋದವರು ಕೂತು ಎರಡೂ ಕಣ್ಣು ತೆರೆಸಿದರು. ಎಲ್ಲೂ ನಿಲ್ಲಲಿಲ್ಲ. ಚಹಾ ತರಿಸಿದರು. ಮೊಬೈಲಿನಿಂದ ನೆಟ್ ಜೋಡಿಸಿ ಮಗಳಿಗೆ ಫೋಟೋ ಕಳಿಸಿದರು. ರೆಪ್ಪೆ ಸ್ವಲ್ಪ ಇಳಿಸಿರಿ ಎಂದು ಉತ್ತರ ಬಂತು. ಅಷ್ಟರಲ್ಲಿ ಕರೆಂಟು ಹೋಗಿ ಬಂತು. ಮಷಿನ್ ಮತ್ತೆ ಚಾಲೂ ಮಾಡಿ, ರೆಪ್ಪೆಯ ಹತ್ತಿರ ಹೋದರು. ನಿಂತಿತು. ಮತ್ತೆ ಒಂದು ಕಣ್ಣು ಹಾಗೆ, ಒಂದು ಹೀಗೆ.

ಸ್ಟುಡಿಯೋದವರು ಕುರ್ಚಿಯಿಂದ ಎದ್ದು ಬಾಗಿಲ ಹತ್ತಿರ ನಿಂತರು. "ನಾ ಇನ್ನ ಮುಟ್ಟೂದಿಲ್ರಿ."

ನಾನು ಆ ಕುರ್ಚಿಯಲ್ಲಿ ಕೂತೆ. ಡ್ರೈವರ್ ನೋಡಿದೆ. ಹಳೆಯದು ಹೋಗಿ ಹೊಸದು ಬಂದು ಕೂತಿತ್ತು. ಆಗ ಹೊಳೆಯಿತು. ಕಣ್ಣು ಒಪ್ಪಿಸಲೆಂದು ಇವರು ಸಲ ಸಲಕ್ಕೂ ನೆಟ್ ಜೋಡಿಸುತ್ತಾರೆ. ನೆಟ್ ಸಿಕ್ಕ ಕೂಡಲೇ ಅಪ್‌ಡೇಟ್ ಒಳಗೆ ನುಗ್ಗುತ್ತದೆ. ಹಳೆ ಮಷಿನ್ ಇಟ್ಟುಕೊಂಡವರು ಇಷ್ಟು ಮಾಡಿರಿ: ಒಗ್ಗಿದ ಡ್ರೈವರನ್ನು ಬೇರೆ ಕಡೆ ಕಾಪಿ ಮಾಡಿಡಿ, ತಾನಾಗಿ ಅಪ್‌ಡೇಟ್ ಆಗುವುದನ್ನು ಬಂದ್ ಮಾಡಿಡಿ. ನಾನು ಎರಡನ್ನೂ ಮಾಡಿ, ನೆಟ್ ಕಿತ್ತು, "ಇನ್ನ ಕಳಿಸೂದು ಬ್ಯಾಡ, ಆಕೀನ್ನ ಇಲ್ಲಿಗೇ ಕರೀರಿ," ಎಂದೆ.

ಮಗಳು ಟಂಟಂ ಆಟೋ ಹಿಡಿದು ಬಂದಳು. ನಲವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಸೀದಾ ಪರದೆಯ ಮುಂದೆ ಕೂತಳು. ಎರಡೂ ಕಣ್ಣು ತೆರೆದ ಅವ್ವ ಆಕೆಯನ್ನೇ ನೋಡುತ್ತಿದ್ದಳು. ನಾವಿಬ್ಬರೂ ಹಿಂದೆ ನಿಂತೆವು.

"ಇದು ಅವ್ವ ಅಲ್ರಿ," ಎಂದಳು ಕಡೆಗೆ. "ನಾನ ಸತ್ತು ಕುಂತೀನಿ."

ಸ್ಟುಡಿಯೋದವರು ನನ್ನ ಮುಖ ನೋಡಿದರು. ಚೌಕಾಸಿ ಬಲ್ಲವನು ಇಲ್ಲ ಎಂಬ ಮಾತಿಗೆ ಹೆದರಬಾರದು. ಏನು ಬೇಕು ಎಂದು ಕೇಳಬೇಕು. "ಅವ್ವ ಹೆಂಗ ನೋಡ್ತಿದ್ಲವ್ವಾ?" ಎಂದೆ.

"ಯಾರ್ನೂ ನೆಟ್ಟಗ ನೋಡ್ತಿರಲಿಲ್ರಿ. ಮಾತಾಡ್ತಿದ್ರೂ ಕೈಯಾಗಿನ ಮರದಾಗ ಹಸನ ಮಾಡೂ ಕಾಳಿನ ಮ್ಯಾಗ ಕಣ್ಣ."

"ಹಂಗಾರ ಕಣ್ಣ ಕೆಳಗ ಇಳಸೂಣು," ಎಂದೆ. ಸ್ಟುಡಿಯೋದವರು ಒಲ್ಲದ ಮನಸ್ಸಿನಿಂದ ಕೂತು ಹತ್ತಿರಕ್ಕೆ ಹಿಗ್ಗಿಸಿದರು. ಕರಿಗುಡ್ಡೆ ಹಿಡಿದು ಕೆಳಗೆ ಎಳೆಯುವಾಗ ಬಾಣ ನಿಂತಿತು. ನೆಟ್ ಇರಲಿಲ್ಲ. ಡ್ರೈವರ್ ಹಳೆಯದೇ ಇತ್ತು. ಫ್ಯಾನಿನ ಸದ್ದೂ ನಿಂತಂತೆ ಕೇಳಿಸಿತು.

"ಅವ್ವಾ, ಬಿಡು," ಎಂದಳು ಮಗಳು, ಮಗ್ಗುಲಲ್ಲಿ ಕೂತವರಿಗೆ ಹೇಳುವಷ್ಟೇ ದನಿಯಲ್ಲಿ.

ಬಾಣ ಸರಿಯಿತು. ಕಣ್ಣುಗಳು ಇಳಿದವು. ಹಳೆ ಮಷಿನ್ನುಗಳು ಹಾಗೆ ತಡವರಿಸುತ್ತವೆ, ಕಾರಣ ಹತ್ತು ಹೇಳಬಲ್ಲೆ. ಅಂದು ಒಂದನ್ನೂ ಹೇಳಲಿಲ್ಲ.

"ಈಗ ಆಕಿನ ಅದಾಳ," ಎಂದಳು.

ಪ್ರಿಂಟಾಗಿ ಕಟ್ಟು ಹಾಕಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಟಂಟಂ ಏರಿದವಳಿಗೆ, ಗಾಜು ಒಡೆದೀತು, ಮುಖ ಎದೆಗೆ ಮಾಡಿ ಹಿಡಿಯಿರಿ ಎಂದು ಹೇಳಿದೆ. "ಉಸರ ಕಟ್ಟತೈತ್ರಿ," ಎಂದು ಫೋಟೋವನ್ನು ತೊಡೆಯ ಮೇಲೆ ಹೊರಮುಖವಾಗಿ ನಿಲ್ಲಿಸಿಕೊಂಡಳು. ಗಾಡಿ ತಿರುಗಿತು. ಒಂದರ ಮೇಲೊಂದು ಎರಡು ಮುಖ, ಎರಡಕ್ಕೂ ಅವೇ ಕಣ್ಣು. ಮೇಲಿನವು ನನ್ನನ್ನು ನೋಡುತ್ತಿದ್ದವು. ಕೆಳಗಿನವು ತಮ್ಮ ಕೆಲಸದಲ್ಲಿದ್ದವು.